ವಸತಿಗೃಹದ ಸ್ವಾಗತಕಾರ: ವೃತ್ತಿಯ ಮೊದಲ ಪಾಠಗಳು

ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ತಾಲೂಕುಗಳಲ್ಲಿ 'ಹೋಟೆಲು' ಎಂಬ ಶಬ್ದಕ್ಕೆ ಜನರ ಆಡುಮಾತಿನಲ್ಲಿ ಚಹಾ–ಉಪಾಹಾರದ ಅಂಗಡಿ ಎಂಬುದೇ ಅರ್ಥ. ಊಟಕ್ಕೆ ಖಾನಾವಳಿ, ತಂಗುವುದಕ್ಕೆ ಲಾಡ್ಜು, ಸರಕಾರಿ ಅಧಿಕಾರಿಗಳಿಗೆ ಪ್ರವಾಸಿ ಮಂದಿರ, ಯಾತ್ರಿಕರಿಗೆ ಧರ್ಮಶಾಲೆ – ಹೀಗೆ ಬೇರೆ ಬೇರೆ ಹೆಸರುಗಳು ಬೇರೆ ಬೇರೆ ಕಟ್ಟಡಗಳಿಗೆ ಸಂದಿವೆ. ಆದುದರಿಂದ ಪದವಿಪೂರ್ವ ಶಿಕ್ಷಣವನ್ನು ಮುಗಿಸಿದ ಮಗನೊಬ್ಬನು, ಇಲ್ಲವೆ ಮಗಳೊಬ್ಬಳು 'ಹೋಟೆಲಿನಲ್ಲಿ ನೌಕರಿ ಸಿಕ್ಕಿದೆ' ಎಂದು ಮನೆಯಲ್ಲಿ ಹೇಳಿದಾಗ, ತಂದೆ–ತಾಯಿಗಳ ಕಣ್ಣ ಮುಂದೆ ಕಪ್ಪು–ಬಸಿ ತೊಳೆಯುವ ಹುಡುಗನ ಚಿತ್ರ ಮೂಡಿದರೆ ಆಶ್ಚರ್ಯವಿಲ್ಲ. ಕಪ್ಪು–ಬಸಿ ತೊಳೆಯುವುದೂ ಗೌರವದ ಕಾಯಕವೇ ಸರಿ. ಆದರೆ ವಸತಿಗೃಹದ ಬಾಗಿಲೊಳಗೆ ಕಾಲಿಟ್ಟ ಕೂಡಲೆ ಎದುರಾಗುವ ಕೌಂಟರಿನ ಹಿಂದೆ ನಿಂತು ಅತಿಥಿಯನ್ನು ಬರಮಾಡಿಕೊಳ್ಳುವ ಸ್ವಾಗತಕಾರನ ಕೆಲಸವೆಂದರೇನು, ಅದಕ್ಕೆ ಬೇಕಾದ ಸಿದ್ಧತೆ ಯಾವುದು, ಅದರಲ್ಲಿರುವ ಹೊಣೆ ಎಂಥದು ಎಂಬುದರ ಅರಿವು ಶಿಕ್ಷಕರಿಗೂ ಪಾಲಕರಿಗೂ ಇದ್ದಲ್ಲಿ, ಗ್ರಾಮೀಣ ವಿದ್ಯಾರ್ಥಿಗಳಿಗೆ ತೆರೆದಿರುವ ಒಂದು ದಾರಿ ಅವರ ಕಣ್ಣಿಗೆ ಬಿದ್ದೀತು. ಅರಿವಿಲ್ಲದೆ ಹೋದವರು ಮೊದಲ ಕೆಲವು ತಿಂಗಳುಗಳಲ್ಲಿಯೇ ಎದೆಗುಂದಿ ಮರಳುವ ಸಂಭವವೂ ಉಂಟು. ಈ ಕಾರಣದಿಂದ ಆ ವೃತ್ತಿಯ ಸ್ವರೂಪವನ್ನು ಇಲ್ಲಿ ಸ್ಥೂಲವಾಗಿ ವಿವರಿಸಲಾಗಿದೆ.

ಈ ಭಾಗದ ಪ್ರವಾಸಿಗರು ಯಾರು?

ಚಿಕ್ಕೋಡಿ, ರಾಯಬಾಗ, ಅಥಣಿ ಹಾಗೂ ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲೂಕುಗಳಾದ ನಿಪ್ಪಾಣಿ ಮತ್ತು ಕಾಗವಾಡಗಳು ಪ್ರವಾಸೋದ್ಯಮದ ನಕ್ಷೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣುವ ಸ್ಥಳಗಳಲ್ಲ. ಹೀಗಿದ್ದರೂ ಇಲ್ಲಿ ರಾತ್ರಿ ತಂಗುವವರಿಗೆ ಕೊರತೆಯಿಲ್ಲ. ಪುಣೆ–ಬೆಂಗಳೂರು ಹೆದ್ದಾರಿಯು, ಅಂದರೆ 2010ರ ಮರುಸಂಖ್ಯೆಗೆ ಮೊದಲು 4 ಎಂದೂ ತರುವಾಯ 48 ಎಂದೂ ಕರೆಯಲ್ಪಟ್ಟ ರಾಷ್ಟ್ರೀಯ ಹೆದ್ದಾರಿಯು, ನಿಪ್ಪಾಣಿಯ ಮಗ್ಗುಲಲ್ಲಿಯೇ ಹಾಯ್ದುಹೋಗುತ್ತದೆ. ಬೀಡಿ ತಂಬಾಕಿನ ವ್ಯಾಪಾರಕ್ಕೆಂದು ಬರುವವರು, ಸಕ್ಕರೆ ಕಾರ್ಖಾನೆಗಳ ಯಂತ್ರ ದುರಸ್ತಿಗೆ ಬರುವ ಇಂಜಿನಿಯರರು, ಔಷಧ ಕಂಪನಿಗಳ ಪ್ರತಿನಿಧಿಗಳು, ಅಥಣಿಯ ಚಪ್ಪಲಿ ಕೊಳ್ಳಬಂದ ವರ್ತಕರು, ಲಗ್ನದ ದಿಬ್ಬಣದವರು, ಪರೀಕ್ಷೆಯ ಮೇಲ್ವಿಚಾರಣೆಗೆ ನಿಯುಕ್ತರಾದ ಉಪನ್ಯಾಸಕರು – ಇವರೆಲ್ಲರೂ ವಸತಿಗೃಹದ ಗಿರಾಕಿಗಳೇ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ ಜಿಲ್ಲೆಗಳೊಡನೆ ಬೆಳಗಾವಿಯೂ ಸೇರಿರುವುದು ಇಲ್ಲಿ ಸ್ಮರಣೀಯ.

ಇದಲ್ಲದೆ ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆ, ಕೃಷ್ಣಾತೀರದ ಯಡೂರ ವೀರಭದ್ರನ ದರ್ಶನ, ನಿಪ್ಪಾಣಿ ಬಳಿಯ ಸ್ತವನಿಧಿ ಕ್ಷೇತ್ರ – ಇವು ಗಡಿಯಾಚೆಯ ಭಕ್ತರನ್ನೂ ಸೆಳೆಯುತ್ತವೆ. ಮಾಘ ಮಾಸದಲ್ಲಿ ಮಾಯಕ್ಕನ ಜಾತ್ರೆ ನೆರೆದಾಗ ಮಹಾರಾಷ್ಟ್ರದಿಂದ ಹರಿದು ಬರುವ ಜನಸ್ತೋಮವನ್ನು ಈ ಭಾಗದ ಯಾರಿಗೂ ವರ್ಣಿಸಿ ಹೇಳಬೇಕಾಗಿಲ್ಲ. ಕಬ್ಬು ನುರಿಸುವ ಹಂಗಾಮು, ಜಾತ್ರೆಯ ಹಂಗಾಮು, ಲಗ್ನದ ಹಂಗಾಮು – ಈ ಮೂರರ ತಿಳಿವಳಿಕೆಯಿದ್ದ ಸ್ವಾಗತಕಾರನು ಯಾವ ವಾರದಲ್ಲಿ ಕೋಣೆಗಳು ತುಂಬುತ್ತವೆ, ಯಾವ ವಾರದಲ್ಲಿ ಬರಿದಾಗುತ್ತವೆ ಎಂಬುದನ್ನು ಪಂಚಾಂಗ ನೋಡಿಯೇ ಹೇಳಬಲ್ಲನು. ಹೊರಗಿನಿಂದ ಬಂದ ನೌಕರನಿಗೆ ಈ ಜ್ಞಾನ ಸುಲಭವಾಗಿ ದಕ್ಕುವುದಿಲ್ಲ.

ದಾಸೋಹಕ್ಕೂ ವಸತಿಗೃಹಕ್ಕೂ ಇರುವ ಭೇದ

ಬಂದವರಿಗೆ ಅನ್ನ, ನೀರು, ನೆರಳು ಕೊಡುವುದು ಈ ನಾಡಿಗೆ ಹೊಸದಲ್ಲ. ಮಠಗಳ ದಾಸೋಹವೂ ಊರೂರಿನ ಧರ್ಮಶಾಲೆಗಳೂ ಇದಕ್ಕೆ ಸಾಕ್ಷಿಯಾಗಿವೆ. ಅಲ್ಲಿ ಕೊಡುವವನಿಗೂ ಪಡೆಯುವವನಿಗೂ ನಡುವೆ ಹಣದ ಮಾತಿಲ್ಲ. ವಸತಿಗೃಹದಲ್ಲಾದರೋ ಹಣವುಂಟು, ಕರಾರು ಉಂಟು, ಕಾಯಿದೆಯುಂಟು. ಇಷ್ಟು ಹೊತ್ತು, ಇಂಥ ಕೋಣೆ, ಇಷ್ಟು ಬಾಡಿಗೆ ಎಂದು ಉಭಯತರೂ ಒಪ್ಪಿದ ಮೇಲೆ ಆ ಮಾತಿಗೆ ಬದ್ಧರಾಗಬೇಕು. ಆ ಕರಾರನ್ನು ಮಾಲೀಕನ ಪರವಾಗಿ ಮಾಡುವವನೇ ಸ್ವಾಗತಕಾರ. ಅತಿಥಿಯು ಮಾಲೀಕನ ಮುಖವನ್ನು ನೋಡದೆಯೇ ಬಂದು ಹೋಗಬಹುದು, ಸ್ವಾಗತಕಾರನ ಮುಖವನ್ನು ನೋಡದೆ ಹೋಗಲಾರನು. ಹಣ ಪಡೆದು ಕೊಡುವ ಸೇವೆಯಾದರೂ ದಾಸೋಹದಲ್ಲಿರುವ ವಿನಯ ಅದರಲ್ಲಿಯೂ ಉಳಿಯಬೇಕೆಂಬುದೇ ಈ ವೃತ್ತಿಯ ಮೊದಲ ಪಾಠ.

ಒಂದು ದಿನದ ಕೆಲಸ

ವಸತಿಗೃಹಕ್ಕೆ ಹಗಲು–ರಾತ್ರಿಗಳ ಭೇದವಿಲ್ಲ. ಆದ್ದರಿಂದ ದೊಡ್ಡ ಸಂಸ್ಥೆಗಳಲ್ಲಿ ಸ್ವಾಗತಕಾರರು ಮೂರು ಪಾಳಿಗಳಲ್ಲಿ ದುಡಿಯುತ್ತಾರೆ. ಬೆಳಗಿನ ಪಾಳಿಯಲ್ಲಿ ಕೋಣೆ ಬಿಟ್ಟು ಹೋಗುವವರ ಲೆಕ್ಕ ತೀರಿಸುವುದು ಮುಖ್ಯ. ಮಧ್ಯಾಹ್ನದ ಪಾಳಿಯಲ್ಲಿ ಹೊಸಬರನ್ನು ಬರಮಾಡಿಕೊಳ್ಳುವುದು ಮುಖ್ಯ. ರಾತ್ರಿಯ ಪಾಳಿಯವನು ಆ ದಿನದ ಯಾವತ್ತೂ ಜಮಾ–ಖರ್ಚನ್ನು ತಾಳೆ ನೋಡಿ, ಮರುದಿನದ ಲೆಕ್ಕವನ್ನು ತೆರೆಯುತ್ತಾನೆ. ಇದಕ್ಕೆ 'ನೈಟ್ ಆಡಿಟ್' ಎಂಬ ಹೆಸರು. ಸಣ್ಣ ಲಾಡ್ಜುಗಳಲ್ಲಿ ಈ ಮೂರನ್ನೂ ಒಬ್ಬಿಬ್ಬರೇ ನಿರ್ವಹಿಸುವುದುಂಟು.

ಪಾಳಿ ಬದಲಾಗುವ ವೇಳೆಯಲ್ಲಿ ನಡೆಯುವ ಹಸ್ತಾಂತರವು ಹೊಸಬನು ಎಲ್ಲಕ್ಕಿಂತ ಮೊದಲು ಕಲಿಯಬೇಕಾದ ಶಿಸ್ತು. ಗಲ್ಲೆಯಲ್ಲಿರುವ ನಗದು ಎಷ್ಟು, ಖಾಲಿ ಕೋಣೆಗಳು ಯಾವುವು, ದುರಸ್ತಿಯಲ್ಲಿರುವ ಕೋಣೆ ಯಾವುದು, ನಸುಕಿನ ನಾಲ್ಕು ಗಂಟೆಗೆ ಎಬ್ಬಿಸಬೇಕೆಂದು ಹೇಳಿದವರಾರು, ಯಾರಿಗೆ ಯಾವ ಸಂದೇಶ ತಲುಪಬೇಕಾಗಿದೆ – ಇವೆಲ್ಲವನ್ನೂ ದಿನಚರಿ ಪುಸ್ತಕದಲ್ಲಿ ಬರೆದು, ಹಣವನ್ನು ಎದುರಿನಲ್ಲಿಯೇ ಎಣಿಸಿ, ಇಬ್ಬರೂ ಸಹಿ ಹಾಕಿದ ಮೇಲೆಯೇ ಮೊದಲಿನವನು ಹೊರಡತಕ್ಕದ್ದು. 'ಬಾಯಿಂದ ಹೇಳಿದ್ದೆ' ಎಂಬ ಸಮಾಧಾನ ಇಲ್ಲಿ ನಡೆಯದು. ರೈಲು ತಪ್ಪಿದ ಅತಿಥಿಗೆ ಆ ಸಮಾಧಾನದಿಂದ ಯಾವ ಪ್ರಯೋಜನವೂ ಇಲ್ಲ.

ಅತಿಥಿ ಬಂದಾಗ ಮಾಡುವ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ನಮಸ್ಕಾರ, ಬಳಿಕ ಮುಂಗಡ ಕಾಯ್ದಿರಿಸಿದ್ದಾರೆಯೇ ಎಂಬ ವಿಚಾರಣೆ, ಕೋಣೆಯ ಬಗೆ, ಬಾಡಿಗೆ, ತೆರಿಗೆ, ಬಿಡಬೇಕಾದ ಸಮಯ ಇವುಗಳ ಸ್ಪಷ್ಟ ವಿವರಣೆ, ನೋಂದಣಿ, ಮುಂಗಡ ಹಣಕ್ಕೆ ಪಾವತಿ, ಕೊನೆಗೆ ಕೀಲಿಕೈ. ಈ ಕ್ರಮದಲ್ಲಿ ಮೂರನೆಯದನ್ನು ಹಾರಿಸಿದಲ್ಲಿ ಜಗಳಕ್ಕೆ ಆಸ್ಪದವಾಗುತ್ತದೆ. ಉದಾಹರಣೆಗೆ, ಕೆಲವು ಲಾಡ್ಜುಗಳಲ್ಲಿ ಬಂದ ಗಳಿಗೆಯಿಂದ 24 ಗಂಟೆಗಳಿಗೆ ಒಂದು ದಿನದ ಬಾಡಿಗೆ. ಇನ್ನು ಕೆಲವೆಡೆ ಮಧ್ಯಾಹ್ನ 12ಕ್ಕೆ ದಿನ ಮುಗಿಯುತ್ತದೆ. ರಾತ್ರಿ 9ಕ್ಕೆ ಬಂದವನು ಮೊದಲನೆಯ ಪದ್ಧತಿಯಲ್ಲಿ ಮರುದಿನ ರಾತ್ರಿ 9ರವರೆಗೆ ಇರಬಹುದು. ಎರಡನೆಯ ಪದ್ಧತಿಯಲ್ಲಿ ಮಧ್ಯಾಹ್ನಕ್ಕೇ ಬಿಡಬೇಕು. ಬಂದಾಗಲೇ ಹೇಳಿದರೆ ಇದು ನಿಯಮವೆನಿಸುತ್ತದೆ, ಹೋಗುವಾಗ ಹೇಳಿದರೆ ಮೋಸವೆನಿಸುತ್ತದೆ.

ಹಿಂದೆ ಕೌಂಟರಿನ ಹಿಂದಿನ ಗೋಡೆಯ ಮೇಲೆ ಕೀಲಿಗಳನ್ನು ತೂಗುಹಾಕಿದ ಹಲಗೆಯೇ ಇಡೀ ವಸತಿಗೃಹದ ನಕ್ಷೆಯಾಗಿತ್ತು. 1970ರ ದಶಕದಲ್ಲಿ ನಾರ್ವೆ ದೇಶದಲ್ಲಿ ರೂಪುಗೊಂಡ ಕಾರ್ಡ್ ಕೀಲಿಯು ಕ್ರಮೇಣ ಲೋಕವನ್ನೆಲ್ಲ ವ್ಯಾಪಿಸಿತು. ಗಣಕಯಂತ್ರದ ತಂತ್ರಾಂಶವು ದಪ್ಪ ರಿಜಿಸ್ಟರಿನ ಸ್ಥಾನವನ್ನು ಆಕ್ರಮಿಸಿತು. ಇಂಥ ತಂತ್ರಾಂಶವನ್ನು ಸಿದ್ಧಪಡಿಸುವ ಸಂಸ್ಥೆಗಳು ಬೆಂಗಳೂರಿನಲ್ಲಿಯೂ ಇವೆ. ಆದರೆ ಯಂತ್ರ ಬದಲಾದರೂ ಪ್ರಶ್ನೆ ಬದಲಾಗಿಲ್ಲ: ಯಾವ ಕೋಣೆಯಲ್ಲಿ ಯಾರಿದ್ದಾರೆ, ಅವರಿಂದ ಬರಬೇಕಾದುದೆಷ್ಟು? ಕೈಯಿಂದ ರಿಜಿಸ್ಟರು ಬರೆಯಲು ಬಲ್ಲವನಿಗೆ ತಂತ್ರಾಂಶವು ಕೆಲವೇ ದಿನಗಳಲ್ಲಿ ಕೈವಶವಾಗುತ್ತದೆ.

ನೋಂದಣಿ ಪುಸ್ತಕ ಮತ್ತು ಕಾಯಿದೆ

ತಂಗುದಾಣಗಳನ್ನು ಕುರಿತಾದ ಕಾಯಿದೆ ಭಾರತದಲ್ಲಿ 1867ರಷ್ಟು ಹಿಂದೆಯೇ, ಸರಾಯಿಗಳ ಅಧಿನಿಯಮವೆಂಬ ಹೆಸರಿನಿಂದ ಬಂದಿತು. ಬಂದವರ ಹೆಸರು, ವಿಳಾಸ, ಎಲ್ಲಿಂದ ಬಂದರು, ಎಲ್ಲಿಗೆ ಹೋಗುವರು ಎಂಬ ವಿವರಗಳನ್ನು ದಾಖಲಿಸಿ ಗುರುತಿನ ಪತ್ರವನ್ನು ಪರಿಶೀಲಿಸುವುದು ಸ್ವಾಗತಕಾರನ ನಿತ್ಯದ ಹೊಣೆ. ಮತದಾರರ ಚೀಟಿ, ವಾಹನ ಚಾಲನಾ ಪರವಾನಿಗೆ, ಪಾಸ್‌ಪೋರ್ಟ್, ಆಧಾರ್ ಇವುಗಳಲ್ಲಿ ಯಾವುದಾದರೊಂದನ್ನು ಸಾಮಾನ್ಯವಾಗಿ ಸ್ವೀಕರಿಸುತ್ತಾರೆ. ಪ್ಯಾನ್ ಕಾರ್ಡಿನಲ್ಲಿ ವಿಳಾಸವಿಲ್ಲದಿರುವುದರಿಂದ ಅನೇಕ ಕಡೆ ಅದನ್ನು ಒಪ್ಪುವುದಿಲ್ಲ. ಆಧಾರಿನ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವಂಥ ಮರೆಮಾಚಿದ ಪ್ರತಿಯನ್ನು ಪಡೆಯಲು ಅವಕಾಶವುಂಟು. ಅತಿಥಿಯು ಅಂಥ ಪ್ರತಿಯನ್ನು ಕೊಟ್ಟರೆ ಸಂಶಯಪಡಬೇಕಾದ ಕಾರಣವಿಲ್ಲ.

ವಿದೇಶೀಯರು ತಂಗಿದಾಗ ಅವರ ಪಾಸ್‌ಪೋರ್ಟ್ ಮತ್ತು ವೀಸಾ ವಿವರಗಳನ್ನು 24 ಗಂಟೆಗಳೊಳಗಾಗಿ ಸರಕಾರಕ್ಕೆ ತಿಳಿಸುವುದು ಕಡ್ಡಾಯ. ಬಹುಕಾಲ 'ಸಿ ಫಾರ್ಮ್' ಎಂದು ಪ್ರಸಿದ್ಧವಾಗಿದ್ದ ಈ ಪದ್ಧತಿಗೆ 1939 ಹಾಗೂ 1946ರ ಕಾಯಿದೆಗಳು ಆಧಾರವಾಗಿದ್ದವು. ಅವುಗಳ ಸ್ಥಾನದಲ್ಲಿ 2025ರ ವಲಸೆ ಮತ್ತು ವಿದೇಶೀಯರ ಅಧಿನಿಯಮವು ಅದೇ ವರ್ಷ ಸಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ಗಡಿಭಾಗದ ಸಣ್ಣ ಲಾಡ್ಜಿಗೆ ವಿದೇಶೀಯರು ಅಪರೂಪಕ್ಕೆ ಬರಬಹುದು. ಆದರೆ ಗೋವಾ, ಬೆಂಗಳೂರು, ಪುಣೆಗಳಲ್ಲಿ ಕೆಲಸಕ್ಕೆ ಸೇರುವವನಿಗೆ ಇದು ದಿನನಿತ್ಯದ ಮಾತು.

ದಾಖಲಿಸುವುದು ಎಷ್ಟು ಕರ್ತವ್ಯವೋ ದಾಖಲಾದುದನ್ನು ಬಯಲು ಮಾಡದಿರುವುದೂ ಅಷ್ಟೇ ಕರ್ತವ್ಯ. 'ಇಂಥವರು ನಿಮ್ಮಲ್ಲಿ ಇಳಿದಿದ್ದಾರೆಯೇ? ಯಾವ ಕೋಣೆ?' ಎಂದು ಕೇಳಿಬಂದವನು ಪರಿಚಿತನೇ ಆಗಿರಲಿ, ಊರ ಹಿರಿಯನೇ ಆಗಿರಲಿ, ಅತಿಥಿಯ ಅನುಮತಿಯಿಲ್ಲದೆ ಉತ್ತರಿಸಕೂಡದು. ಚಿಕ್ಕ ಊರುಗಳಲ್ಲಿ ಎಲ್ಲರೂ ಎಲ್ಲರಿಗೂ ಪರಿಚಿತರಾದ ಕಾರಣ ಈ ನಿಯಮದ ಪಾಲನೆ ಕಠಿಣ. ಕಠಿಣವಾದುದರಿಂದಲೇ ಅದಕ್ಕೆ ಬೆಲೆ. ಪೊಲೀಸ್ ಅಧಿಕಾರಿಗಳು ಅಧಿಕೃತವಾಗಿ ಕೇಳಿದಾಗ ಮಾತ್ರ ವ್ಯವಸ್ಥಾಪಕರ ಸಮಕ್ಷಮ ದಾಖಲೆಯನ್ನು ತೋರಿಸಬೇಕು.

ಬಾಗಿಲು ಎಲ್ಲರಿಗೂ ತೆರೆದಿದೆಯೇ?

ನೋಂದಣಿ ಪುಸ್ತಕದ ಒಂದು ಸಾಲು ಮನುಷ್ಯನ ಮಾನವನ್ನು ಹೇಗೆ ಕಾಯಬಲ್ಲದು, ಹೇಗೆ ಕಳೆಯಬಲ್ಲದು ಎಂಬುದಕ್ಕೆ ಇತಿಹಾಸದಲ್ಲಿ ಒಂದು ನಿದರ್ಶನವಿದೆ. ವಿದೇಶದಲ್ಲಿ ಉನ್ನತ ವ್ಯಾಸಂಗ ಮಾಡಿ ಮರಳಿದ ಡಾ. ಬಿ. ಆರ್. ಅಂಬೇಡ್ಕರ್ ಅವರು 1917ರ ಸುಮಾರಿಗೆ ಬರೋಡಾ ಸಂಸ್ಥಾನದ ಸೇವೆಗೆಂದು ಆ ನಗರಕ್ಕೆ ಹೋದಾಗ, ಅಸ್ಪೃಶ್ಯರೆಂಬ ಕಾರಣದಿಂದ ಅವರಿಗೆ ತಂಗಲು ಸ್ಥಳ ದೊರೆಯಲಿಲ್ಲ. ಪಾರ್ಸಿಗಳಿಗೆ ಮೀಸಲಾದ ತಂಗುದಾಣವೊಂದರಲ್ಲಿ ಪುಸ್ತಕದಲ್ಲಿ ಪಾರ್ಸಿ ಹೆಸರನ್ನು ಬರೆಯಿಸಿ ಅವರು ಉಳಿದರು. ಹನ್ನೊಂದನೆಯ ದಿನ ಕೋಲು ಹಿಡಿದ ಗುಂಪೊಂದು ಬಂದು ಅವರನ್ನು ಅಲ್ಲಿಂದ ಹೊರಡಿಸಿತು. ನಗರದ ಉದ್ಯಾನದಲ್ಲಿ ಕಾಲ ಕಳೆದು ಅವರು ಮುಂಬಯಿಯ ದಾರಿ ಹಿಡಿಯಬೇಕಾಯಿತು. ಈ ಪ್ರಸಂಗವನ್ನು ಅವರೇ ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ಅದೇ ಅಂಬೇಡ್ಕರ್ ಅವರು 1925ರಲ್ಲಿ ನಿಪ್ಪಾಣಿಯಲ್ಲಿ ಜರುಗಿದ ದಲಿತ ವರ್ಗಗಳ ಪ್ರಾಂತೀಯ ಸಮ್ಮೇಳನಕ್ಕೆ ಬಂದಿದ್ದರೆಂಬುದು ಈ ಭಾಗದವರಿಗೆ ಸ್ಮರಣಾರ್ಹ ಸಂಗತಿ.

ಅವರು ಕರಡು ಸಮಿತಿಯ ಅಧ್ಯಕ್ಷರಾಗಿ ರೂಪಿಸಿದ, 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದದ ಎರಡನೆಯ ಖಂಡವು ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ ಇವುಗಳ ಕಾರಣಮಾತ್ರದಿಂದ ಯಾವ ಪ್ರಜೆಗೂ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳ ಪ್ರವೇಶವನ್ನು ನಿರಾಕರಿಸಕೂಡದೆಂದು ವಿಧಿಸಿದೆ. ಈ ಖಂಡವನ್ನು ಆಚರಣೆಯಲ್ಲಿ ನಿಲ್ಲಿಸುವವನು ನ್ಯಾಯಾಧೀಶನಿಗಿಂತ ಮೊದಲು ಸ್ವಾಗತಕಾರ. ಅಡ್ಡಹೆಸರನ್ನು ಓದಿ 'ಕೋಣೆ ಖಾಲಿಯಿಲ್ಲ' ಎನ್ನುವ ಸುಳ್ಳು ಅವನ ಬಾಯಿಂದಲೇ ಹೊರಡಬೇಕು. ಅವನು ಹೇಳದಿದ್ದರೆ ಆ ಅನ್ಯಾಯ ಅಲ್ಲಿಯೇ ನಿಲ್ಲುತ್ತದೆ. ಹತ್ತೊಂಬತ್ತು–ಇಪ್ಪತ್ತರ ಹರೆಯದಲ್ಲಿ ನೌಕರಿಗೆ ಸೇರಿದ ಯುವಕನಿಗೆ ಇಂಥ ಗಳಿಗೆಯು ಕೌಂಟರಿನಲ್ಲಿಯೇ ಎದುರಾಗಬಹುದು. ಅದಕ್ಕೆ ಬೇಕಾದ ಮನೋಧೈರ್ಯವನ್ನು ಯಾವ ವೃತ್ತಿ ತರಬೇತಿಯೂ ಕೊಡಲಾರದು. ಅದು ಶಾಲೆಯಲ್ಲಿಯೇ ಬೆಳೆದು ಬರಬೇಕು.

ಲೆಕ್ಕದ ಪಾಠ

ಸ್ವಾಗತಕಾರನ ಗಣಿತವು ಏಳನೆಯ ಇಯತ್ತೆಯ ಗಣಿತವೇ. ಆದರೆ ತಪ್ಪಿದರೆ ಕೈಯಿಂದ ತುಂಬಿಕೊಡಬೇಕಾದ ಗಣಿತ. ದಿನಕ್ಕೆ 1,200 ರೂಪಾಯಿ ಬಾಡಿಗೆಯ ಕೋಣೆಯಲ್ಲಿ ಒಬ್ಬನು ಎರಡು ದಿನ ತಂಗಿ, ಬರುವಾಗ 1,000 ರೂಪಾಯಿ ಮುಂಗಡ ಕೊಟ್ಟಿದ್ದಾನೆಂದು ಭಾವಿಸೋಣ. ಬಾಡಿಗೆ 2,400. ದಿನಕ್ಕೆ 7,500 ರೂಪಾಯಿಗಳವರೆಗಿನ ಕೋಣೆಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2025ರ ಸಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿಸಲಾಗಿದೆ. ಆದ್ದರಿಂದ ತೆರಿಗೆ 120, ಒಟ್ಟು 2,520, ಮುಂಗಡ ಕಳೆದು ಬರಬೇಕಾದುದು 1,520 ರೂಪಾಯಿ.

ಗಡಿನಾಡಿನಲ್ಲಿ ಇದಕ್ಕೆ ಸಂಬಂಧಪಟ್ಟ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಕೊಲ್ಹಾಪುರದ ವರ್ತಕನು ನಿಪ್ಪಾಣಿಯಲ್ಲಿ ತಂಗಿ, ತನ್ನ ಮಹಾರಾಷ್ಟ್ರದ ತೆರಿಗೆ ನೋಂದಣಿ ಸಂಖ್ಯೆಯನ್ನು ಕೊಟ್ಟು, ಅಂತರರಾಜ್ಯ ತೆರಿಗೆಯ ಬಿಲ್ಲು ಬೇಕೆಂದು ಕೇಳಬಹುದು. ಆದರೆ ವಸತಿಯ ಸೇವೆಯನ್ನು ಕಟ್ಟಡವಿರುವ ಸ್ಥಳದಲ್ಲಿಯೇ ಸಂದ ಸೇವೆಯೆಂದು ಕಾಯಿದೆ ಪರಿಗಣಿಸುತ್ತದೆ. ಕಟ್ಟಡವೂ ಅದರ ಮಾಲೀಕನ ನೋಂದಣಿಯೂ ಕರ್ನಾಟಕದಲ್ಲಿರುವುದರಿಂದ 120 ರೂಪಾಯಿಗಳಲ್ಲಿ 60 ಕೇಂದ್ರಕ್ಕೂ 60 ಕರ್ನಾಟಕ ರಾಜ್ಯಕ್ಕೂ ಸಲ್ಲುತ್ತವೆ. ಅತಿಥಿಯ ಊರು ಯಾವುದೆಂಬುದು ಇಲ್ಲಿ ಗಣನೆಗೆ ಬಾರದು. ಇದನ್ನು ಶಾಂತವಾಗಿ ವಿವರಿಸಬಲ್ಲ ಹುಡುಗನ ಮೇಲೆ ವರ್ತಕನಿಗೆ ತಾನಾಗಿಯೇ ವಿಶ್ವಾಸ ಹುಟ್ಟುತ್ತದೆ.

ಬಾಡಿಗೆಯ ರಿಯಾಯಿತಿಯಲ್ಲಿಯೂ ಲೆಕ್ಕವಿದೆ. ಇಪ್ಪತ್ತು ಕೋಣೆಗಳ ಲಾಡ್ಜಿನಲ್ಲಿ 15 ಕೋಣೆಗಳು ಸರಾಸರಿ 1,100 ರೂಪಾಯಿಯಂತೆ ಹೋದರೆ ಆ ದಿನದ ಉತ್ಪನ್ನ 16,500. ಎಲ್ಲವನ್ನೂ ತುಂಬಿಸಬೇಕೆಂಬ ಹಟದಿಂದ ದರವನ್ನು 900ಕ್ಕೆ ಇಳಿಸಿ 18 ಕೋಣೆಗಳನ್ನು ಕೊಟ್ಟರೆ ಉತ್ಪನ್ನ 16,200. ಮೂರು ಕೋಣೆಗಳು ಹೆಚ್ಚು ತುಂಬಿದವು, ಅವುಗಳ ಹಾಸಿಗೆ–ಹೊದಿಕೆ ಒಗೆಯುವ ಖರ್ಚು ಹೆಚ್ಚಾಯಿತು, ಬಂದ ಹಣ ಮಾತ್ರ 300 ರೂಪಾಯಿ ಕಡಿಮೆ. ಹೀಗಾಗಿ ಕೋಣೆಗಳು ಎಷ್ಟು ತುಂಬಿದವೆಂಬುದರ ಜೊತೆಗೆ, ಬಂದ ಹಣವನ್ನು ಒಟ್ಟು ಕೋಣೆಗಳಿಗೆ ಹಂಚಿದಾಗ ಒಂದಕ್ಕೆ ಎಷ್ಟು ಬಿತ್ತೆಂಬುದನ್ನೂ ವ್ಯವಸ್ಥಾಪಕರು ನೋಡುತ್ತಾರೆ. ಮೊದಲನೆಯ ದಿನ ಅದು 825, ಎರಡನೆಯ ದಿನ 810.

ನಗದು ಹಣದ ವಿಷಯದಲ್ಲಿ ಹೇಳಬೇಕಾದುದು ಒಂದೇ: ಪಾವತಿ ಬರೆಯದೆ ಪಡೆದ ಹತ್ತು ರೂಪಾಯಿಯೂ ಕಳವೇ. ಮೊದಲ ಪಗಾರ ಬರುವ ಮುನ್ನ ಗಲ್ಲೆಯಿಂದ 'ಸಾಲ' ತೆಗೆದುಕೊಂಡು ಬಳಿಕ ಇಡುವೆನೆಂಬ ಯೋಚನೆಯು ಅನೇಕ ಒಳ್ಳೆಯ ಹುಡುಗರ ಹೆಸರನ್ನು ಕೆಡಿಸಬಲ್ಲದು.

ಭಾಷೆಯೆಂಬ ಬಂಡವಾಳ

ಗಡಿಭಾಗದ ವಿದ್ಯಾರ್ಥಿಯು ತನಗೆ ಇಂಗ್ಲಿಷ್ ಬಾರದೆಂದು ಕುಗ್ಗುತ್ತಾನೆ; ಆದರೆ ತನಗೆ ಬರುವ ಭಾಷೆಗಳನ್ನು ಎಣಿಸುವುದಿಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ನೆರೆಹೊರೆಯಲ್ಲಿ ಉರ್ದು, ಚಲನಚಿತ್ರದಿಂದ ಹಿಂದಿ – ನಾಲ್ಕು ಭಾಷೆಗಳಲ್ಲಿ ವ್ಯವಹರಿಸಬಲ್ಲ ತರುಣನು ಬೇರೆ ಪ್ರದೇಶಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ನಿಪ್ಪಾಣಿಯ ಕೌಂಟರಿನಲ್ಲಿ 'ಬರ್ರಿ, ಕೂಡ್ರಿ' ಎಂದವನು ಮರುಗಳಿಗೆಯಲ್ಲಿ 'ಯಾ, ಬಸಾ' ಎನ್ನಬಲ್ಲನು. ಕನ್ನಡ–ಮರಾಠಿಗಳ ವಾದವು ಬೀದಿಯಲ್ಲಿ ಏನೇ ಇರಲಿ, ಕೌಂಟರಿನ ಮುಂದೆ ಅತಿಥಿಯ ಭಾಷೆಗೇ ಮೊದಲ ಮರ್ಯಾದೆ. ಇದರಿಂದ ಸ್ವಂತ ಭಾಷೆಗೆ ಕುಂದೇನೂ ಬಾರದು.

ಇಂಗ್ಲಿಷಿನ ಕೊರತೆಯನ್ನು ನೀಗಿಸುವುದು ಅಸಾಧ್ಯವಲ್ಲ. ಕೌಂಟರಿನ ಸಂಭಾಷಣೆಯು ಬಹುಮಟ್ಟಿಗೆ ಪುನರಾವೃತ್ತಿಯಾಗುವಂಥದು. ಸ್ವಾಗತಿಸುವುದು, ಹೆಸರು ಕೇಳುವುದು, ದರ ಹೇಳುವುದು, ಕ್ಷಮೆ ಕೋರುವುದು, ದಾರಿ ತೋರಿಸುವುದು, ಬೀಳ್ಕೊಡುವುದು – ಇಷ್ಟಕ್ಕೆ ಬೇಕಾದ ನೂರಾರು ವಾಕ್ಯಗಳನ್ನು ದಿನಕ್ಕೆ ಐದರಂತೆ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿದರೆ ಕೆಲವು ತಿಂಗಳುಗಳಲ್ಲಿ ನಾಲಗೆ ತಿರುಗುತ್ತದೆ. ಹೆಸರುಗಳ ಅಕ್ಷರಗಳನ್ನು ದೂರವಾಣಿಯಲ್ಲಿ ಬಿಡಿಸಿ ಹೇಳುವುದು, ಅಂಕಿಗಳನ್ನು ತಪ್ಪಿಲ್ಲದೆ ಮರುನುಡಿಯುವುದು ವ್ಯಾಕರಣಕ್ಕಿಂತಲೂ ಮೊದಲು ಕಲಿಯಬೇಕಾದ ವಿಷಯಗಳು.

ಕಠಿಣ ಗಳಿಗೆಗಳು

ರಾತ್ರಿ ಹನ್ನೊಂದು ಗಂಟೆಗೆ, ದೂರದ ಪ್ರಯಾಣದಿಂದ ದಣಿದು, ಮಕ್ಕಳು–ಮರಿಗಳೊಡನೆ ಬಂದವರಿಗೆ ಕಾಯ್ದಿರಿಸಿದ ಕೋಣೆ ಇಲ್ಲವೆಂದು ತಿಳಿದಾಗ ಅವರ ಕೋಪವೆಲ್ಲ ಎದುರಿಗಿರುವ ಹುಡುಗನ ಮೇಲೆ ಎರಗುತ್ತದೆ. ಆ ತಪ್ಪು ಅವನದಾಗಿರದೆ ಇರಬಹುದು. ಆದರೂ 'ಅದು ನನ್ನ ಪಾಳಿಯಲ್ಲಿ ಆದದ್ದಲ್ಲ' ಎಂಬ ಮಾತು ಕೋಪವನ್ನು ಇಮ್ಮಡಿಸುತ್ತದೆ. ಮೊದಲು ಪೂರ್ತಿ ಕೇಳಬೇಕು, ನಡುವೆ ಬಾಯಿ ಹಾಕಬಾರದು. ಬಳಿಕ ಸಂಸ್ಥೆಯ ಪರವಾಗಿ ಕ್ಷಮೆ ಕೋರಿ, ತನ್ನ ಕೈಯಲ್ಲಿರುವ ಉಪಾಯವನ್ನು ಹೇಳಬೇಕು: ಸಮೀಪದ ಇನ್ನೊಂದು ಲಾಡ್ಜಿಗೆ ತಾನೇ ದೂರವಾಣಿ ಮಾಡಿ ಕೋಣೆ ಗೊತ್ತುಪಡಿಸುವುದು, ಅಲ್ಲಿಗೆ ಹೋಗಲು ವಾಹನ ಒದಗಿಸುವುದು. ತನ್ನ ಅಧಿಕಾರಕ್ಕೆ ಮೀರಿದುದನ್ನು ಆಶ್ವಾಸನೆ ಕೊಡದೆ ವ್ಯವಸ್ಥಾಪಕರನ್ನು ಕರೆಯಬೇಕು.

ಅತಿಥಿಗೆ ಅಸ್ವಸ್ಥತೆಯಾದರೆ 108, ಬೇರೆ ಯಾವುದೇ ತುರ್ತಿಗೆ 112 – ಈ ಎರಡು ಸಂಖ್ಯೆಗಳು ಬಾಯಿಪಾಠವಾಗಿರಬೇಕು. ಬೆಂಕಿ ಆರಿಸುವ ಸಾಧನ ಎಲ್ಲಿದೆ, ಹಿಂಬಾಗಿಲ ಕೀಲಿ ಎಲ್ಲಿದೆ ಎಂಬುದನ್ನು ಕೆಲಸಕ್ಕೆ ಸೇರಿದ ಮೊದಲ ದಿನವೇ ಕೇಳಿ ತಿಳಿಯಬೇಕು. ಬೆಂಕಿ ಹೊತ್ತಿದಾಗ ಹುಡುಕುವುದಕ್ಕೆ ವೇಳೆಯಿರುವುದಿಲ್ಲ. ಆಗ ಯಾವ ಕೋಣೆಯಲ್ಲಿ ಎಷ್ಟು ಜನರಿದ್ದಾರೆಂದು ಹೇಳಬಲ್ಲ ದಾಖಲೆ ನೋಂದಣಿ ಪುಸ್ತಕ. ಅದನ್ನು ಸರಿಯಾಗಿ ಬರೆದಿದ್ದರೆ ಜೀವ ಉಳಿಯುತ್ತದೆ.

ಗುಮಾಸ್ತನಿಂದ ಮಾಲೀಕನವರೆಗೆ

ಈ ಕೆಲಸವು ಎಲ್ಲಿಗೆ ಒಯ್ಯಬಲ್ಲದೆಂಬುದಕ್ಕೆ ಭಾರತದಲ್ಲಿ ಪ್ರಸಿದ್ಧವಾದ ಉದಾಹರಣೆ ಮೋಹನಸಿಂಗ್ ಓಬೆರಾಯ್ ಅವರದು. ಈಗ ಪಾಕಿಸ್ತಾನಕ್ಕೆ ಸೇರಿದ ಹಳ್ಳಿಯೊಂದರಲ್ಲಿ 1898ರಲ್ಲಿ ಜನಿಸಿದ ಇವರು ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. 1922ರಲ್ಲಿ ಸಿಮ್ಲಾ ನಗರದ ಸೆಸಿಲ್ ಹೋಟೆಲಿನಲ್ಲಿ ಅಲ್ಪ ಪಗಾರದ ಗುಮಾಸ್ತರಾಗಿ ಸೇರಿದರು. 1934ರಲ್ಲಿ ತಮ್ಮ ಆಸ್ತಿಯನ್ನೂ ಪತ್ನಿಯ ಒಡವೆಗಳನ್ನೂ ಒತ್ತೆಯಿಟ್ಟು ಅದೇ ನಗರದ ಕ್ಲಾರ್ಕ್ಸ್ ಹೋಟೆಲನ್ನು ಕೊಂಡರು. ಮುಂದೆ ತಾವು ಗುಮಾಸ್ತಿಕೆ ಮಾಡಿದ ಸೆಸಿಲ್ ಹೋಟೆಲೇ ಅವರ ಸಂಸ್ಥೆಯ ಸ್ವಾಧೀನಕ್ಕೆ ಬಂದಿತು. 2001ರಲ್ಲಿ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾಗಿ 2002ರಲ್ಲಿ ನಿಧನರಾದರು. ಎಲ್ಲರೂ ಓಬೆರಾಯ್ ಆಗಲಾರರು, ಆಗಬೇಕಾಗಿಯೂ ಇಲ್ಲ. ಆದರೆ ಕೌಂಟರಿನಲ್ಲಿ ನಿಂತವನಿಗೆ ಬಾಡಿಗೆ, ಖರ್ಚು, ನೌಕರರು, ಅತಿಥಿಗಳು ಹೀಗೆ ವ್ಯವಹಾರದ ಎಲ್ಲ ಮುಖಗಳೂ ಒಂದೇ ಕಡೆ ಕಾಣುತ್ತವೆ. ಕಣ್ಣು ತೆರೆದಿಟ್ಟವನು ಮೇಲ್ವಿಚಾರಕನಾಗಿ, ವ್ಯವಸ್ಥಾಪಕನಾಗಿ ಏರುವುದಕ್ಕೂ, ಹೆದ್ದಾರಿಯ ಬದಿಗೆ ತನ್ನದೇ ಆದ ಹತ್ತು ಕೋಣೆಗಳ ಲಾಡ್ಜು ತೆರೆಯುವುದಕ್ಕೂ ಇದೇ ಮೊದಲ ಮೆಟ್ಟಿಲು.

ನೌಕರನ ಹಕ್ಕುಗಳು

ಕರ್ತವ್ಯಗಳ ಜೊತೆಗೆ ಹಕ್ಕುಗಳನ್ನೂ ತಿಳಿದಿರಬೇಕಾದುದು ಅಗತ್ಯ. ಕೆಲಸಕ್ಕೆ ಸೇರುವಾಗ ನೇಮಕ ಪತ್ರವನ್ನು ಕೇಳಿ ಪಡೆಯಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಇದಕ್ಕೆ ಒತ್ತುಕೊಟ್ಟಿವೆ. ವಾರಕ್ಕೆ 48 ಗಂಟೆಗಳ ದುಡಿಮೆಯ ಮಿತಿ, ಮಿತಿಮೀರಿದ ದುಡಿಮೆಗೆ ಇಮ್ಮಡಿ ದರದ ಕೂಲಿ, ವಾರಕ್ಕೊಂದು ರಜೆ – ಇವು ಯಾರ ಔದಾರ್ಯವೂ ಅಲ್ಲ, ಕಾಯಿದೆಯ ಮಾತು. ಮೂಲ ಅಂಕಪಟ್ಟಿಗಳನ್ನು ಒತ್ತೆಯಿಟ್ಟುಕೊಳ್ಳುವವರಿಗೂ, ನೌಕರಿ ಕೊಡಿಸುವೆವೆಂದು ಮೊದಲೇ ಹಣ ಕೇಳುವ ದಲ್ಲಾಳಿಗಳಿಗೂ ಮಾರುಹೋಗಬಾರದು. ಪ್ರತಿಗಳನ್ನು ಕೊಟ್ಟು, ಮೂಲಪತ್ರಗಳನ್ನು ತೋರಿಸಿ ಮರಳಿ ಪಡೆಯುವುದೇ ಸರಿಯಾದ ರೀತಿ.

ಹೆಣ್ಣುಮಕ್ಕಳಿಗೆ ಈ ವೃತ್ತಿ ತಕ್ಕುದಲ್ಲವೆಂಬ ಅಭಿಪ್ರಾಯ ಗ್ರಾಮಗಳಲ್ಲಿ ಇನ್ನೂ ಉಳಿದಿದೆ. ರಾತ್ರಿ ಪಾಳಿಯ ಭಯವೇ ಇದಕ್ಕೆ ಮುಖ್ಯ ಕಾರಣ. ರಾತ್ರಿ ಪಾಳಿಗೆ ಮಹಿಳೆಯ ಸಮ್ಮತಿ ಅವಶ್ಯ. ಆಕೆಯ ಸುರಕ್ಷತೆ ಹಾಗೂ ಸಾರಿಗೆಯ ಏರ್ಪಾಡಿನ ಹೊಣೆ ಮಾಲೀಕನದು. 2013ರ ಕಾಯಿದೆಯಂತೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸಲು ಆಂತರಿಕ ಸಮಿತಿ ಇರತಕ್ಕದ್ದು. ಅದಕ್ಕಿಂತ ಸಣ್ಣ ಸಂಸ್ಥೆಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಇಷ್ಟನ್ನು ತಿಳಿದ ಪಾಲಕರು ಮಗಳನ್ನು ತಡೆಯುವುದಕ್ಕೆ ಬದಲಾಗಿ ಸಂಸ್ಥೆಯನ್ನು ವಿಚಾರಿಸಿ ಕಳುಹಿಸಬಲ್ಲರು.

ಶಿಕ್ಷಣದ ದಾರಿ ಮತ್ತು ಶಾಲೆಯ ಪಾತ್ರ

ಹೋಟೆಲು ನಿರ್ವಹಣೆಯ ಶಿಕ್ಷಣಕ್ಕೆ ಭಾರತದಲ್ಲಿ ಬುನಾದಿ ಹಾಕಿದ ಮುಂಬಯಿಯ ಸಂಸ್ಥೆಯು 1954ರಲ್ಲಿ ಆರಂಭವಾಯಿತು. 1982ರಲ್ಲಿ ರಾಷ್ಟ್ರೀಯ ಮಂಡಳಿಯು ಸ್ಥಾಪನೆಯಾಯಿತು. ಪದವಿಪೂರ್ವ ಪರೀಕ್ಷೆ ಮುಗಿಸಿದವರು ಆ ಮಂಡಳಿಯ ಪ್ರವೇಶ ಪರೀಕ್ಷೆಯ ಮೂಲಕ ಬೆಂಗಳೂರು, ಗೋವಾ, ಮುಂಬಯಿಗಳ ಸಂಸ್ಥೆಗಳಲ್ಲಿ ಮೂರು ವರ್ಷದ ಪದವಿಗೆ ಸೇರಬಹುದು. ಅಷ್ಟು ವೆಚ್ಚ ಭರಿಸಲಾಗದವರಿಗೆ ಪ್ರವಾಸೋದ್ಯಮ ಕೌಶಲ ಮಂಡಳಿಯ ಅಲ್ಪಾವಧಿಯ ಫ್ರಂಟ್ ಆಫೀಸ್ ತರಬೇತಿಯೂ, ಶಿಷ್ಯವೇತನದೊಡನೆ ಕಲಿಯುವ ಅಪ್ರೆಂಟಿಸ್ ಪದ್ಧತಿಯೂ ಉಂಟು.

ಶಾಲೆಯೊಂದು ಇದಕ್ಕಾಗಿ ದೊಡ್ಡ ಕಟ್ಟಡವನ್ನು ಕಟ್ಟಿಸಬೇಕಾಗಿಲ್ಲ. ವಾರ್ಷಿಕ ಸಮಾರಂಭಕ್ಕೆ ಪರಸ್ಥಳದಿಂದ ಬರುವ ಅತಿಥಿಗಳ ವಸತಿಯ ಹೊಣೆಯನ್ನು ಹಿರಿಯ ವಿದ್ಯಾರ್ಥಿಗಳಿಗೆ ವಹಿಸಿ, ಅವರಿಂದಲೇ ನೋಂದಣಿ ಪುಸ್ತಕ ಬರೆಯಿಸಿ, ಪಾಳಿಯಂತೆ ಹಸ್ತಾಂತರ ಮಾಡಿಸಿ, ಕೊನೆಗೆ ಲೆಕ್ಕ ಒಪ್ಪಿಸುವಂತೆ ಮಾಡಿದರೆ ಅದೇ ಉತ್ತಮ ಪ್ರಯೋಗಶಾಲೆ. ಶಿಕ್ಷಕರು ಗಣಿತದ ತರಗತಿಯಲ್ಲಿ ಒಂದು ಬಿಲ್ಲನ್ನೂ, ಇಂಗ್ಲಿಷಿನ ತರಗತಿಯಲ್ಲಿ ಒಂದು ದೂರವಾಣಿ ಸಂಭಾಷಣೆಯನ್ನೂ ಸೇರಿಸಬಹುದು. ಪುಣೆ, ಬೆಂಗಳೂರು, ಗೋವಾಗಳಲ್ಲಿ ಈ ವ್ಯವಸಾಯದಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಬಂದು ಮಕ್ಕಳೊಡನೆ ಮಾತನಾಡಬಹುದು. ಹೊಸ ಊರಿಗೆ ಬಂದ ಹುಡುಗನಿಗೆ ಮೊದಲ ತಿಂಗಳು ತಲೆಯ ಮೇಲೊಂದು ಸೂರು ತೋರಿಸಬಹುದು. ದಾನಿಗಳು ಒಬ್ಬಿಬ್ಬರ ತರಬೇತಿಯ ಶುಲ್ಕವನ್ನೂ ಆ ಅವಧಿಯ ಊಟ–ವಸತಿಯ ವೆಚ್ಚವನ್ನೂ ವಹಿಸಿಕೊಂಡರೆ ಅದು ಕಲ್ಲು–ಸುಣ್ಣದ ದಾನಕ್ಕಿಂತ ಕಡಿಮೆಯದೇನಲ್ಲ.

ತಂಬಾಕಿನ ಹೊಲವೂ ಕಬ್ಬಿನ ಗದ್ದೆಯೂ ಮನೆಯ ಎಲ್ಲ ಮಕ್ಕಳನ್ನೂ ಸಾಕಲಾರವೆಂಬುದು ಈ ಐದು ತಾಲೂಕುಗಳ ಪ್ರತಿಯೊಂದು ಹಳ್ಳಿಗೂ ಗೊತ್ತಿರುವ ಸತ್ಯ. ಹೊರಗೆ ಹೋಗಿ ದುಡಿಯಬೇಕಾದವರು ಕೈಯಲ್ಲೊಂದು ವಿದ್ಯೆಯನ್ನೂ, ನಾಲಗೆಯ ಮೇಲೆ ನಾಲ್ಕು ಭಾಷೆಗಳನ್ನೂ, ಗಲ್ಲೆಯ ಮುಂದೆ ನಿಂತಾಗ ಅಲುಗದ ಮನಸ್ಸನ್ನೂ ಒಯ್ಯುವಂತಾಗಬೇಕು. ಅಪರಿಚಿತನು ಬಾಗಿಲಿಗೆ ಬಂದಾಗ ಅವನ ಜಾತಿಯನ್ನಲ್ಲ, ದಣಿವನ್ನು ನೋಡಿ ಬರಮಾಡಿಕೊಳ್ಳುವ ಗುಣವನ್ನು ಶಾಲೆಯು ಕಲಿಸಿದ್ದಾದರೆ, ಉಳಿದ ಪಾಠಗಳನ್ನು ಕೌಂಟರು ತಾನಾಗಿಯೇ ಕಲಿಸುತ್ತದೆ.